ದಾರಿ ತುಂಡಾಗುವ ಜಾಗ

ಮಳೆ ನಿಂತು ಎರಡು ಗಂಟೆ ಕಳೆದಿತ್ತು. ಟೊಮೇಟೊ ತುಂಬಿದ ಸಣ್ಣ ಲಾರಿಯೊಂದು ಮೋರಿಯ ಪಕ್ಕದಲ್ಲಿ ವಾಲಿಕೊಂಡು ನಿಂತಿತ್ತು. ಅದರ ಹಿಂದಿನ ಎಡಗಾಲಿ ಅಚ್ಚಿನವರೆಗೆ ಕೆಸರಿನಲ್ಲಿ ಹೂತುಹೋಗಿತ್ತು. ಕೆಳಗಿನ ಸಾಲಿನ ಕ್ರೇಟುಗಳಿಂದ ರಸ ಸೋರಿ ಹಿಂಬದಿಯ ಹಲಗೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಬೆಳೆದವನು ಅತ್ತ ನೋಡಲೂ ಹೋಗದೆ, ಗಾಲಿಯ ಮುಂದಿನ ಕೆಸರನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳುತ್ತಿದ್ದ. ನಾನು ಬಗ್ಗಿ ಮೋರಿಯ ಕೊಳವೆಯನ್ನು ನೋಡಿದೆ. ಕೊಳವೆಯ ಬಾಯಿ ಚರಂಡಿಯ ತಳಕ್ಕಿಂತ ಒಂದು ಗೇಣು ಎತ್ತರದಲ್ಲಿತ್ತು. ಹರಿದು ಬಂದ ನೀರು ಕೊಳವೆಯ ಮಟ್ಟಕ್ಕೆ ಏರುವಷ್ಟರಲ್ಲಿ ರಸ್ತೆಯ ಬುಡವನ್ನೆಲ್ಲ ನೆನೆಸಿ ಮೆತ್ತಗೆ ಮಾಡುತ್ತಿತ್ತು. ಊರಿನಿಂದ ಮಾರುಕಟ್ಟೆಯವರೆಗಿನ ದಾರಿ ಉಳಿದಂತೆ ಸುಮಾರಾಗಿ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಆ ಹನ್ನೆರಡು ಹೆಜ್ಜೆ ಮಾತ್ರ.

ಅದಾದ ವಾರದಲ್ಲಿ ನಡೆದ ಸಭೆಯಲ್ಲಿ ಎಲ್ಲರೂ ಒಕ್ಕೊರಲಿನಿಂದ ಕೇಳಿದ್ದು ಡಾಂಬರು ರಸ್ತೆಯನ್ನು. ಮನವಿ ಪತ್ರದಲ್ಲಿಯೂ ಅದನ್ನೇ ಬರೆದರು, ಎಲ್ಲರೂ ಸಹಿ ಹಾಕಿದರು. ಆ ಪತ್ರ ಕಚೇರಿಯೊಂದರ ಕಡತ ಸೇರಿ ಅಲ್ಲಿಯೇ ಉಳಿಯಿತು. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ, ಏಕೆಂದರೆ ಅಂಥ ಕಚೇರಿಯ ಮೇಜಿನ ಮೇಲೆ ‘ನಮ್ಮೂರಿಗೆ ರಸ್ತೆ ಬೇಕು’ ಎನ್ನುವ ಪತ್ರಗಳು ನೂರಾರು ಇರುತ್ತವೆ, ಮತ್ತು ಅವುಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ನೋಡುವ ಯಾವ ಗುರುತೂ ಇರುವುದಿಲ್ಲ. ರೈತರು ರಸ್ತೆಗಾಗಿ ಒಂದುಗೂಡುವ ಕೆಲಸವನ್ನು ಹತ್ತಿರದಿಂದ ನೋಡುತ್ತ ಬಂದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ರಸ್ತೆ ಕೇಳುವುದಕ್ಕೆ ಹುಟ್ಟಿದ ಸಂಘಗಳು ಬಹುಪಾಲು ಉದ್ಘಾಟನೆಯ ದಿನವೇ ಮುಗಿದುಹೋಗುತ್ತವೆ, ಅವುಗಳ ಹಿಂದೆಯೇ ಕೆಲವು ಮಳೆಗಾಲಗಳಲ್ಲಿ ರಸ್ತೆಯೂ ಮುಗಿದುಹೋಗುತ್ತದೆ. ದಾರಿ ಎಲ್ಲಿ, ಯಾವಾಗ, ಏಕೆ ತುಂಡಾಗುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಲ್ಲ, ಆ ಜಾಗವನ್ನು ರಸ್ತೆಯಾದ ಮೇಲೂ ಕಾಯಬಲ್ಲ ಗುಂಪು ಮಾತ್ರ ನಿಲ್ಲುತ್ತದೆ.

ಹೊಲಕ್ಕೂ ಮಾರುಕಟ್ಟೆಗೂ ನಡುವಿನ ದೂರವೇ ಏನು ಬೆಳೆಯಬೇಕೆಂಬುದನ್ನು ತೀರ್ಮಾನಿಸುತ್ತದೆ ಎಂಬ ಮಾತು ಹಳೆಯದು. ಸ್ವತಃ ಜಮೀನು ನಡೆಸುತ್ತಿದ್ದ ಜರ್ಮನಿಯ ಯೋಹಾನ್ ಹೈನ್‌ರಿಚ್ ಫಾನ್ ಥ್ಯೂನೆನ್ 1826ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಬೇಗ ಕೆಡುವ ತರಕಾರಿ ಮತ್ತು ಹಾಲು ಪಟ್ಟಣದ ಅಂಚಿನಲ್ಲಿಯೂ, ತಡೆದುಕೊಳ್ಳುವ ಧಾನ್ಯ ಅದರಾಚೆಯೂ, ತಾನೇ ನಡೆದುಕೊಂಡು ಮಾರುಕಟ್ಟೆಗೆ ಬರಬಲ್ಲ ಜಾನುವಾರು ಅತಿ ದೂರದಲ್ಲಿಯೂ ಇರುತ್ತವೆ ಎಂಬುದು ಅವರ ಲೆಕ್ಕದ ಸಾರ. ಆದರೆ ರೈತನ ಪಾಲಿಗೆ ದೂರ ಎಂದರೆ ಕಿಲೋಮೀಟರು ಅಲ್ಲ. ಅದು ಸಮಯ, ಬಾಡಿಗೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅನಿಶ್ಚಿತತೆ. ನಾಳೆ ಗಾಡಿ ಬರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದವನು ಎರಡು ದಿನದಲ್ಲಿ ಕೆಡುವ ಬೆಳೆಯನ್ನು ಹಾಕಲು ಹಿಂಜರಿಯುತ್ತಾನೆ, ಗೊಬ್ಬರಕ್ಕೆ ಸಾಲ ಮಾಡಲು ಹೆದರುತ್ತಾನೆ, ಹೊಲದ ಬದುವಿಗೇ ಬಂದ ವ್ಯಾಪಾರಿ ಹೇಳಿದ ದರಕ್ಕೆ ತಲೆಯಾಡಿಸುತ್ತಾನೆ. ಕೆಸರಿನಲ್ಲಿ ಹೂತ ಗಾಲಿ ಆ ದಿನದ ಮಾಲನ್ನು ಹಾಳುಮಾಡುವುದಲ್ಲದೆ ಮುಂದಿನ ವರ್ಷದ ಬಿತ್ತನೆಯನ್ನೂ ಬದಲಿಸಿಬಿಡುತ್ತದೆ.

ನಿಕರಾಗುವಾ ದೇಶದ ಹಳ್ಳಿಗಳಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅಲ್ಲಿ ದಿಢೀರ್ ಪ್ರವಾಹ ಬಂದಾಗಲೆಲ್ಲ ಹಳ್ಳಿಗಳಿಗೂ ಪೇಟೆಗೂ ಸಂಪರ್ಕ ಕಡಿದುಹೋಗುತ್ತಿತ್ತು, ಆ ದಿನಗಳಲ್ಲಿ ಜನರ ದುಡಿಮೆಯೂ ಕುಸಿಯುತ್ತಿತ್ತು. ಅಲ್ಲಿ ಕಟ್ಟಿದ್ದು ಹೆದ್ದಾರಿಯನ್ನಲ್ಲ, ಜನ ನಡೆದು ದಾಟುವಂಥ ಕಾಲುಸೇತುವೆಗಳನ್ನು. ಸೇತುವೆ ಬಂದ ಹಳ್ಳಿಗಳಲ್ಲಿ ಪ್ರವಾಹದ ದಿನಗಳ ಆ ಕುಸಿತ ಇಲ್ಲವಾಯಿತು. ಅದಕ್ಕಿಂತ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ: ಅಲ್ಲಿನ ರೈತರು ಹೊಲಕ್ಕೆ ಹೆಚ್ಚು ಖರ್ಚು ಮಾಡತೊಡಗಿದರು, ಬೇಸಾಯದ ಲಾಭವೂ ಏರಿತು. ದಾರಿ ತುಂಡಾಗುವುದಿಲ್ಲ ಎಂಬ ನಂಬಿಕೆಯೇ ಅವರಿಗೆ ಬಂಡವಾಳ ಹಾಕುವ ಧೈರ್ಯ ಕೊಟ್ಟಿತು ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಬದಲಾದದ್ದು ಕೆಲವೇ ಮೀಟರುಗಳ ಜಾಗ. ಆದರೆ ಅದು ಸರಿಯಾದ ಜಾಗವಾಗಿತ್ತು.

ನಕ್ಷೆಗಳಲ್ಲಿ ಇಂಥ ಜಾಗಗಳು ಕಾಣುವುದಿಲ್ಲ. ಗ್ರಾಮೀಣ ಸಂಪರ್ಕವನ್ನು ಅಳೆಯಲು ಇಡೀ ಜಗತ್ತಿನಲ್ಲಿ ಬಳಕೆಯಲ್ಲಿರುವ ಸೂಚ್ಯಂಕವೊಂದಿದೆ. ಸರ್ವಋತು ರಸ್ತೆಯಿಂದ 2 ಕಿಲೋಮೀಟರು ಒಳಗೆ ವಾಸಿಸುವ ಗ್ರಾಮೀಣ ಜನರ ಪ್ರಮಾಣವನ್ನು ಅದು ಹೇಳುತ್ತದೆ. ವಿಶ್ವಬ್ಯಾಂಕು ರೂಪಿಸಿದ ಈ ಅಳತೆಯನ್ನು ಮುಂದೆ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿಯೂ ಸೇರಿಸಿಕೊಂಡರು. ಅಳತೆ ಉಪಯುಕ್ತವಾದದ್ದೇ. ಆದರೆ ಸರ್ವಋತು ರಸ್ತೆ ಎಂಬುದರ ವ್ಯಾಖ್ಯೆಯಲ್ಲಿಯೇ ಕೆಟ್ಟ ಹವೆಯ ಸಮಯದಲ್ಲಿ ಆಗೊಮ್ಮೆ ಈಗೊಮ್ಮೆ ಅಲ್ಪಾವಧಿಗೆ ಸಂಚಾರ ನಿಂತರೂ ಪರವಾಗಿಲ್ಲ ಎಂಬ ಸಡಿಲಿಕೆ ಇದೆ. ಆ ‘ಅಲ್ಪಾವಧಿ’ ಕೊಯ್ಲಿನ ವಾರದಲ್ಲಿಯೇ ಬಂದರೆ ಏನಾಗುತ್ತದೆ? ವರ್ಷದ 350 ದಿನ ತೆರೆದಿದ್ದು, ಹಣ್ಣು ಕೊಯ್ಯುವ 15 ದಿನ ಮುಚ್ಚಿರುವ ರಸ್ತೆ ಕಾಗದದ ಮೇಲೆ ಸಂಪರ್ಕವಿರುವ ರಸ್ತೆಯೇ. ಹೀಗಾಗಿ ‘ನಿಮ್ಮೂರಿಗೆ ರಸ್ತೆ ಇದೆಯಲ್ಲ’ ಎಂದು ಅಧಿಕಾರಿ ಹೇಳುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ, ‘ನಮಗೆ ರಸ್ತೆಯೇ ಇಲ್ಲ’ ಎಂದು ರೈತ ಹೇಳುವಾಗ ಅವನೂ ಉತ್ಪ್ರೇಕ್ಷೆ ಮಾಡುತ್ತಿರುವುದಿಲ್ಲ. ಇಬ್ಬರ ನಡುವೆ ಇರಬೇಕಾದ ದಾಖಲೆ ಇಲ್ಲ, ಅಷ್ಟೇ.

ಆ ದಾಖಲೆಯನ್ನು ಬರೆಯುವುದೇ ಸಂಘಟನೆಯ ಮೊದಲ ಕೆಲಸವಾಗಬೇಕು. ಅದಕ್ಕೆ ಒಂದು ನೋಟ್ ಪುಸ್ತಕ ಸಾಕು. ತಾರೀಖು, ಮಳೆ ಬಂದ ಹೊತ್ತು, ಯಾವ ಜಾಗದಲ್ಲಿ ದಾರಿ ನಿಂತಿತು, ಎಷ್ಟು ಗಂಟೆ ನಿಂತಿತು, ಯಾವ ಗಾಡಿ ಹಿಂದಿರುಗಿತು, ಅದರಲ್ಲಿ ಏನಿತ್ತು, ಎಷ್ಟು ಕೆಟ್ಟಿತು ಎಂಬಷ್ಟನ್ನೇ ತಪ್ಪದೆ ಬರೆಯಬೇಕು. ಹಳ್ಳದ ಪಕ್ಕ ಒಂದು ಕಂಬ ನೆಟ್ಟು ಗೇಣಿಗೊಂದು ಬಣ್ಣದ ಗೆರೆ ಎಳೆದರೆ ನೀರಿನ ಮಟ್ಟವನ್ನು ಯಾರು ಬೇಕಾದರೂ ಓದಬಹುದು. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಬೇಕು, ಏಕೆಂದರೆ ಬೇರೆ ಬೇರೆ ಕೋನದ ಹತ್ತು ಚಿತ್ರಗಳಿಗಿಂತ ಒಂದೇ ಕೋನದ ಮೂರು ಚಿತ್ರಗಳು ಹೆಚ್ಚು ಸಾಕ್ಷ್ಯ ನುಡಿಯುತ್ತವೆ. ನನ್ನ ಅನುಭವದಲ್ಲಿ ಈ ಕೆಲಸಕ್ಕೆ ಅತ್ಯುತ್ತಮ ಸಾಕ್ಷಿ ಹಾಲಿನ ಗಾಡಿಯ ಚಾಲಕ. ಅವನು ದಿನವೂ ಒಂದೇ ಹೊತ್ತಿಗೆ ಅದೇ ದಾರಿಯಲ್ಲಿ ಬರುತ್ತಾನೆ, ತಡವಾದರೆ ಹಾಲು ಒಡೆಯುವ ಭಯ ಅವನಿಗಿರುತ್ತದೆ, ಹಾಗಾಗಿ ಯಾವ ಗುಂಡಿ ಯಾವ ವಾರ ಹುಟ್ಟಿತು ಎಂಬುದು ಅವನಿಗೆ ನೆನಪಿರುತ್ತದೆ. ಒಂದು ಮಳೆಗಾಲದ ಇಂಥ ಪುಸ್ತಕವನ್ನು ಮನವಿಯ ಜೊತೆ ಇಟ್ಟಾಗ ಎಂಜಿನಿಯರ್ ಕುರ್ಚಿಯಿಂದ ಎದ್ದು ಸ್ಥಳಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಮೊದಲು ಕೊಟ್ಟ ಮೂರು ಮನವಿಗಳಿಗೆ ಉತ್ತರವೇ ಬಂದಿರಲಿಲ್ಲ.

ಜೊತೆಗೆ ಮಳೆ ಸುರಿಯುತ್ತಿರುವಾಗಲೇ ಒಮ್ಮೆ ದಾರಿಯುದ್ದಕ್ಕೂ ನಡೆಯಬೇಕು. ಬೇಸಿಗೆಯಲ್ಲಿ ನಡೆದರೆ ಗುಂಡಿಗಳು ಕಾಣುತ್ತವೆ, ಮಳೆಯಲ್ಲಿ ನಡೆದರೆ ಗುಂಡಿಗೆ ಕಾರಣವಾದ ನೀರು ಕಾಣುತ್ತದೆ. ಆ ನಡಿಗೆಯಲ್ಲಿ ಟ್ರ್ಯಾಕ್ಟರ್ ಇರುವವರು ಮಾತ್ರ ಇರಬಾರದು. ತಲೆಹೊರೆಯಲ್ಲಿ ಸೊಪ್ಪು ಒಯ್ಯುವ ಮಹಿಳೆಗೆ ದಾರಿ ಕಡಿಯುವ ಜಾಗವೇ ಬೇರೆ. ಅವಳಿಗೆ ಮುಖ್ಯ ರಸ್ತೆಗಿಂತ ಹೊಲದಿಂದ ಆ ರಸ್ತೆಗೆ ಬರುವ ಕಾಲುದಾರಿ, ಅದರ ನಡುವಿನ ತೊರೆ, ತೊರೆಯಲ್ಲಿ ಜಾರುವ ಆ ಎರಡು ಕಲ್ಲು ಮುಖ್ಯ. ಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವವರ ತೋಟದ ಬಾಗಿಲಿಗೆ ರಸ್ತೆ ಬಂದು ನಿಂತು, ಮಾಲು ಹೊರುವವರು ಮೊದಲಿನಂತೆಯೇ ಹೊರುತ್ತಿದ್ದರೆ ಆ ಸಂಘ ಬಹಳ ದಿನ ಒಂದಾಗಿರುವುದಿಲ್ಲ.

ಇನ್ನು ವಿರೋಧದ ಮಾತು. ರಸ್ತೆ ಎಂದರೆ ಎಲ್ಲರಿಗೂ ಒಳ್ಳೆಯದೇ ಎಂದು ನಂಬಿಕೊಂಡು ಹೊರಟವರು ಇಲ್ಲಿ ಎಡವುತ್ತಾರೆ. ಲಂಡನ್ ಸುತ್ತಮುತ್ತಲ ಕೆಲವು ಪ್ರಾಂತ್ಯಗಳವರು ದೂರದ ಪ್ರಾಂತ್ಯಗಳಿಗೆ ಸುಂಕದ ರಸ್ತೆಗಳನ್ನು ವಿಸ್ತರಿಸಬಾರದು ಎಂದು ಸಂಸತ್ತಿಗೆ ಅರ್ಜಿ ಕೊಟ್ಟಿದ್ದರೆಂದು ಆಡಂ ಸ್ಮಿತ್ 1776ರಲ್ಲಿ ದಾಖಲಿಸಿದ್ದಾರೆ. ಕೂಲಿ ಅಗ್ಗವಾಗಿರುವ ದೂರದ ಊರುಗಳ ಹುಲ್ಲೂ ಧಾನ್ಯವೂ ಲಂಡನ್ನಿಗೆ ಕಡಿಮೆ ಬೆಲೆಗೆ ಬಂದು ಬೀಳುತ್ತವೆ, ತಮ್ಮ ಗೇಣಿ ಇಳಿಯುತ್ತದೆ, ಬೇಸಾಯ ಹಾಳಾಗುತ್ತದೆ ಎಂಬುದು ಆ ಅರ್ಜಿದಾರರ ಅಂಜಿಕೆ. ರಸ್ತೆಗಳು ಆದ ಮೇಲೆ ಅವರ ಗೇಣಿಯೂ ಏರಿತು, ಬೇಸಾಯವೂ ಸುಧಾರಿಸಿತು ಎಂದು ಸ್ಮಿತ್ ಮುಂದುವರಿದು ಹೇಳುತ್ತಾರೆ. ಆದರೆ ಅರ್ಜಿ ಕೊಟ್ಟ ದಿನ ಅವರ ಅಂಜಿಕೆ ನಿಜವಾದದ್ದೇ ಆಗಿತ್ತು. ಇಂದಿಗೂ ಒಂದೇ ಗಾಡಿಯ ಬಲದಿಂದ ಇಡೀ ಊರಿನ ಮಾಲನ್ನು ತಾನೇ ಕೊಳ್ಳುವ ದಲ್ಲಾಳಿಗೆ ರಸ್ತೆ ಬರುವುದು ಇಷ್ಟವಿರುವುದಿಲ್ಲ. ಅವನು ಎದುರು ನಿಂತು ವಿರೋಧಿಸುವುದೂ ಇಲ್ಲ. ತನ್ನಿಂದ ಸಾಲ ಪಡೆದವರ ಕಿವಿಯಲ್ಲಿ ಒಂದು ಮಾತು ಹಾಕುತ್ತಾನೆ, ಸಭೆಗೆ ಬರುವವರ ಸಂಖ್ಯೆ ಇಳಿಯುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಸಾಲ ತೀರಿಸಬೇಕಾದವರು ಯಾರು, ಅವರಿಗೆ ಬೇರೆ ಆಸರೆ ಏನಿದೆ ಎಂಬ ಪ್ರಶ್ನೆಯನ್ನು ಸಂಘ ಮೊದಲೇ ಎತ್ತಿಕೊಂಡರೆ ಅವನ ಪಿಸುಮಾತಿಗೆ ಬಲ ಇರುವುದಿಲ್ಲ.

ಅದಕ್ಕಿಂತ ಕಠಿಣವಾದದ್ದು ಜಾಗದ ಪ್ರಶ್ನೆ. ದಾರಿಯನ್ನು ಎರಡು ಮಾರು ಅಗಲ ಮಾಡಬೇಕಾದರೆ ಯಾರದೋ ಬದು ಹೋಗಬೇಕು, ಯಾರದೋ ಮರ ಬೀಳಬೇಕು. ಇಂಥ ಕಡೆ ‘ಊರಿನ ಒಳ್ಳೆಯದಕ್ಕೆ’ ಎಂದು ಒತ್ತಾಯಿಸಿ ಬಾಯಿಮಾತಿನಲ್ಲಿ ಪಡೆದ ಒಪ್ಪಿಗೆ ಬಹುಪಾಲು ಎರಡನೆಯ ಬೆಳೆಯವರೆಗೂ ಬಾಳುವುದಿಲ್ಲ. ಅಣ್ಣ ಒಪ್ಪಿದ್ದನ್ನು ತಮ್ಮ ಒಪ್ಪುವುದಿಲ್ಲ, ಊರು ಬಿಟ್ಟು ಹೋದವನು ಹಬ್ಬಕ್ಕೆ ಬಂದಾಗ ಬೇಲಿ ಹಾಕುತ್ತಾನೆ. ಅಳತೆ ಮಾಡಿ, ಎರಡೂ ಬದಿಯಿಂದ ಸಮನಾಗಿ ತೆಗೆದುಕೊಂಡು, ಬರೆದು, ಪಾಲುದಾರರೆಲ್ಲರ ಸಹಿ ಹಾಕಿಸಿ, ಭೂದಾಖಲೆಯಲ್ಲಿ ಸೇರಿಸುವವರೆಗೆ ಒಂದು ಗುದ್ದಲಿಯನ್ನೂ ನೆಲಕ್ಕೆ ಹಾಕಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ವಿಧವೆಯೊಬ್ಬರ ಹೊಲದ ಕಡೆಗೇ ರಸ್ತೆ ಪೂರ್ತಿ ವಾಲಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎದುರು ಬದಿಯ ಹೊಲದವನು ಪ್ರಭಾವಿಯಾಗಿದ್ದ, ಅದೇ ಕಾರಣ. ಆ ರಸ್ತೆ ಬಳಕೆಗೇನೋ ಬಂತು. ಆದರೆ ಅದರ ಮೇಲೆ ನಡೆಯುವಾಗ ನನಗೆ ಇಂದಿಗೂ ಸಮಾಧಾನವಿಲ್ಲ.

ಎಲ್ಲ ಒಪ್ಪಿಗೆಗಳೂ ಆದ ಮೇಲೆ ಉಳಿಯುವ ನಿಜವಾದ ವೈರಿ ನೀರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಜಾನ್ ಲೌಡನ್ ಮ್ಯಾಕ್ಆಡಂ ಕಂಡುಕೊಂಡ ಸತ್ಯ ಬಹಳ ಸರಳವಾದದ್ದು: ಗಾಡಿಯ ಭಾರವನ್ನು ಕೊನೆಗೂ ಹೊರುವುದು ಕೆಳಗಿರುವ ನೆಲ, ಆ ನೆಲ ಒಣಗಿರುವವರೆಗೆ ಎಷ್ಟು ಭಾರವನ್ನಾದರೂ ಹೊರುತ್ತದೆ, ಮೇಲೆ ಹಾಸುವ ಜಲ್ಲಿಯ ಮುಖ್ಯ ಕೆಲಸ ನೀರು ಕೆಳಗಿಳಿಯದಂತೆ ತಡೆಯುವುದು. ಇದನ್ನು ಅರಿತವರು ರಸ್ತೆಯನ್ನು ನೋಡುವ ರೀತಿಯೇ ಬೇರೆಯಾಗಿರುತ್ತದೆ. ಅವರು ಮೊದಲು ಚರಂಡಿ ನೋಡುತ್ತಾರೆ. ನಡುವೆ ಆಮೆಯ ಬೆನ್ನಿನಂತೆ ಉಬ್ಬು ಇದೆಯೇ, ಉಬ್ಬಿನಿಂದ ಇಳಿದ ನೀರಿಗೆ ಬದಿಯಲ್ಲಿ ಕಾಲುವೆ ಇದೆಯೇ, ಆ ಕಾಲುವೆಯ ನೀರು ಅಲ್ಲಲ್ಲಿ ಹೊರಗೆ ತಿರುಗಿಕೊಳ್ಳಲು ದಾರಿ ಇದೆಯೇ, ಮೋರಿಯ ಬಾಯಿ ತಳಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಾರೆ. ಇವಿಷ್ಟೂ ಸರಿಯಿರುವ ಮಣ್ಣಿನ ರಸ್ತೆ, ಇವು ಯಾವುದೂ ಇಲ್ಲದ ಡಾಂಬರು ರಸ್ತೆಗಿಂತ ರೈತನಿಗೆ ಹೆಚ್ಚು ನಂಬಿಗಸ್ತ. ಡಾಂಬರು ಕಿತ್ತುಹೋದ ರಸ್ತೆಯ ಗುಂಡಿಗಳು ಅಂಚು ಚೂಪಾಗಿ ಕಚ್ಚಾ ರಸ್ತೆಯ ಗುಂಡಿಗಳಿಗಿಂತ ಹೆಚ್ಚು ಅಲುಗಾಡಿಸುತ್ತವೆ, ಅವನ್ನು ಗುದ್ದಲಿಯಿಂದ ಸರಿಮಾಡಲೂ ಆಗುವುದಿಲ್ಲ.

ರಸ್ತೆಯಿಂದ ಹೊರಗೆ ತಿರುಗಿಸಿದ ನೀರು ಯಾರ ಹೊಲಕ್ಕೆ ಹೋಗಬೇಕು ಎಂಬಲ್ಲಿಯೂ ಜಗಳಗಳಾಗುತ್ತವೆ. ಇದಕ್ಕೆ ಇಥಿಯೋಪಿಯಾದ ಟಿಗ್ರೇ ಪ್ರದೇಶದಲ್ಲಿಯೂ ಕೆನ್ಯಾದ ಮಕುವೇನಿ ಕಡೆಯೂ ಒಂದು ಜಾಣತನದ ದಾರಿ ಕಂಡುಕೊಂಡಿದ್ದಾರೆ. ರಸ್ತೆಯಿಂದ ಹರಿದುಹೋಗುವ ಮಳೆನೀರನ್ನು ಹೊಂಡಗಳಿಗೂ ಹೊಲದ ಇಂಗು ಕಾಲುವೆಗಳಿಗೂ ತಿರುಗಿಸಿಕೊಂಡು ಬೆಳೆಗೆ ಬಳಸುತ್ತಾರೆ. ಬೇಡವೆಂದು ಜಗಳವಾಡುತ್ತಿದ್ದ ನೀರು ಬೇಕಾದ ನೀರಾದಾಗ ಚರಂಡಿಯನ್ನು ಶುಚಿಯಾಗಿಡುವ ಆಸಕ್ತಿ ಆ ಹೊಲದವನಿಗೇ ಹುಟ್ಟುತ್ತದೆ.

ಕೆಲಸವನ್ನು ದೊಡ್ಡ ಯಂತ್ರಗಳೇ ಬಂದು ಮಾಡಬೇಕೆಂದಿಲ್ಲ. ಜಪಾನಿನಲ್ಲಿ ‘ದೋನೋ’ ಎಂದು ಕರೆಯುವ ಮಣ್ಣಿನ ಚೀಲದ ವಿಧಾನವನ್ನು ಕಮ್ಯುನಿಟಿ ರೋಡ್ ಎಂಪವರ್‌ಮೆಂಟ್ ಎಂಬ ಜಪಾನಿ ಸಂಸ್ಥೆ ಕೆನ್ಯಾ ಮೊದಲಾದ ದೇಶಗಳ ರೈತ ಗುಂಪುಗಳಿಗೆ ಕಲಿಸಿದೆ. ಕೆಸರಿನ ಜಾಗವನ್ನು ಅಗೆದು, ಒಂದೇ ಅಳತೆಯಲ್ಲಿ ಮಣ್ಣು ತುಂಬಿ ಬಾಯಿ ಕಟ್ಟಿದ ಚೀಲಗಳನ್ನು ಇಟ್ಟಿಗೆಯಂತೆ ಸಾಲಾಗಿ ಹಾಸಿ, ಕೈದಿಮ್ಮಸೆಯಿಂದ ಬಡಿದು ಬಿಗಿಮಾಡಿ, ಮೇಲೊಂದು ಪದರ ಹಾಸಿ, ಅದರ ಮೇಲೆ ಜಲ್ಲಿ ಮಣ್ಣು ಮುಚ್ಚುತ್ತಾರೆ. ಗಾಡಿಯ ಭಾರ ಮೇಲಿನಿಂದ ಒತ್ತಿದಾಗ ಚೀಲದ ಬಟ್ಟೆ ಬಿಗಿದುಕೊಳ್ಳುತ್ತದೆ, ಒಳಗಿನ ಮಣ್ಣು ಪಕ್ಕಕ್ಕೆ ಜರುಗದೆ ಇನ್ನಷ್ಟು ಗಟ್ಟಿಯಾಗುತ್ತದೆ. ಇಡೀ ದಾರಿಗೆ ಇದನ್ನು ಮಾಡುವ ಅಗತ್ಯವಿಲ್ಲ. ತುಂಡಾಗುವ ಆ ಹನ್ನೆರಡು ಹೆಜ್ಜೆಗೆ ಮಾಡಿದರಾಯಿತು. ಚೀಲ ಬಿಸಿಲಿಗೆ ಬಿದ್ದರೆ ಹರಿಯುತ್ತದೆ, ಆದ್ದರಿಂದ ಮೇಲಿನ ಮುಚ್ಚಿಗೆಯನ್ನು ಉಳಿಸಿಕೊಳ್ಳಬೇಕು ಎಂಬ ಎಚ್ಚರಿಕೆಯೊಂದು ಬೇಕು.

ಅಮೆರಿಕದ ಮಿಸ್ಸೌರಿ ರಾಜ್ಯದ ರೈತ ಡಿ. ವಾರ್ಡ್ ಕಿಂಗ್ ಅವರ ಸಂಗತಿ ಇಲ್ಲಿಯೇ ಹೇಳಬೇಕು. 1890ರ ದಶಕದಲ್ಲಿ ಅವರು ಮರದ ದಿಮ್ಮಿಯೊಂದನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಅಂತರ ಬಿಟ್ಟು ಜೋಡಿಸಿ, ಕುದುರೆ ಕಟ್ಟಿ, ಪ್ರತಿ ಮಳೆಯ ನಂತರ ತಮ್ಮ ಮನೆಯ ಮುಂದಿನ ಮಣ್ಣಿನ ರಸ್ತೆಯ ಮೇಲೆ ಓರೆಯಾಗಿ ಎಳೆದುಕೊಂಡು ಹೋಗುತ್ತಿದ್ದರು. ಅಂಚಿನ ಮಣ್ಣು ನಡುವಿಗೆ ಬಂದು ಗಾಲಿಯ ಜಾಡುಗಳನ್ನು ತುಂಬುತ್ತಿತ್ತು, ಒದ್ದೆ ಮಣ್ಣು ಸಾರಿಸಿದಂತಾಗಿ ಒಣಗಿ ಗಟ್ಟಿಯಾಗುತ್ತಿತ್ತು, ಮುಂದಿನ ಮಳೆ ಅದರ ಮೇಲಿನಿಂದ ಜಾರಿ ಹೋಗುತ್ತಿತ್ತು. ಈ ವಿಧಾನ ದೇಶದ ಉದ್ದಗಲಕ್ಕೂ ಹರಡಿತು, ಅಲ್ಲಿನ ಕೃಷಿ ಇಲಾಖೆಯೂ ರೈತರಿಗಾಗಿ ಪ್ರಕಟಿಸುತ್ತಿದ್ದ ಪುಸ್ತಿಕೆಗಳಲ್ಲಿ ಅದನ್ನು ಸೇರಿಸಿತು. ಅದೇ ಕಾಲದಲ್ಲಿ, 1896ರಲ್ಲಿ, ಅಂಚೆಯನ್ನು ಹಳ್ಳಿಯ ಮನೆಬಾಗಿಲಿಗೆ ತಲುಪಿಸುವ ವ್ಯವಸ್ಥೆ ಅಲ್ಲಿ ಆರಂಭವಾಯಿತು, ಮತ್ತು ಅಂಚೆಯ ಗಾಡಿ ಬರಬೇಕಾದರೆ ರಸ್ತೆ ಸಂಚಾರಕ್ಕೆ ಯೋಗ್ಯವಾಗಿರಬೇಕು ಎಂಬ ಷರತ್ತು ಇತ್ತು. ರಸ್ತೆ ಸುಧಾರಣೆ ಎಂದರೆ ತೆರಿಗೆಯ ಹೊರೆ, ಪೇಟೆಯ ಸೈಕಲ್ ಸವಾರರ ಶೋಕಿ ಎಂದು ಅದುವರೆಗೆ ದೂರ ನಿಂತಿದ್ದ ಅನೇಕ ರೈತರು ಅಂಚೆಗಾಗಿ ತಾವೇ ರಸ್ತೆ ಸರಿಮಾಡಲು ಮುಂದಾದರು. ಜನ ಒಂದಾಗುವುದು ‘ಅಭಿವೃದ್ಧಿ’ ಎಂಬ ದೊಡ್ಡ ಮಾತಿಗಲ್ಲ, ದಿನವೂ ಕಾಣುವ ಒಂದು ಲಾಭಕ್ಕೆ ಎಂದು ಇದನ್ನು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಸರ್ಕಾರದ ಯೋಜನೆಯಲ್ಲಿ ರಸ್ತೆ ಆಗುವಾಗ ಸಂಘದ ಕೆಲಸ ಕಣ್ಗಾವಲು. ಅಂದಾಜು ಪಟ್ಟಿಯ ಪ್ರತಿಯನ್ನು ಮೊದಲೇ ಪಡೆದು, ಎಷ್ಟು ದಪ್ಪದ ಪದರ, ಎಷ್ಟು ಮೋರಿ, ಯಾವ ಅಳತೆಯ ಕೊಳವೆ ಎಂಬುದನ್ನು ಸಭೆಯಲ್ಲಿ ಓದಿ ಹೇಳಬೇಕು. ರೋಲರ್ ಹೋದ ಮೇಲೆ ಅಳತೆಪಟ್ಟಿ ಹಿಡಿದು ಹೋದರೆ ಯಾರೂ ಕೇಳುವುದಿಲ್ಲ. ಭಾರತದಲ್ಲಿ 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಗುತ್ತಿಗೆಯಲ್ಲಿ, ರಸ್ತೆ ಮುಗಿದ ಮೇಲೂ 5 ವರ್ಷ ಅದರ ನಿರ್ವಹಣೆ ಗುತ್ತಿಗೆದಾರನದೇ ಎಂಬ ಕರಾರನ್ನು ಸೇರಿಸಿದ್ದು ಒಳ್ಳೆಯ ತೀರ್ಮಾನ. ನನ್ನನ್ನು ಕಾಡುವುದು ಆರನೆಯ ವರ್ಷ. ಆ ವರ್ಷದ ಮಳೆಗಾಲಕ್ಕೆ ಚರಂಡಿ ಯಾರು ಎತ್ತುತ್ತಾರೆ ಎಂಬ ಪ್ರಶ್ನೆಗೆ ಮೊದಲ ವರ್ಷವೇ ಹೆಸರು ಸಹಿತ ಉತ್ತರ ಇರಬೇಕು.

ಪೆರು ದೇಶ ಇದಕ್ಕೊಂದು ಉತ್ತರ ಕಂಡುಕೊಂಡಿತು. 1990ರ ದಶಕದ ನಡುವಿನಲ್ಲಿ ಆರಂಭವಾದ ಅಲ್ಲಿನ ಗ್ರಾಮೀಣ ರಸ್ತೆ ಕಾರ್ಯಕ್ರಮದಲ್ಲಿ, ಆಯಾ ರಸ್ತೆಯ ಪಕ್ಕದ ಊರಿನವರೇ ಸೇರಿ ಸಣ್ಣ ಉದ್ದಿಮೆಗಳನ್ನು ಕಟ್ಟಿಕೊಂಡು, ತಮ್ಮ ಪಾಲಿನ ದಾರಿಯ ದೈನಂದಿನ ನಿರ್ವಹಣೆಯ ಗುತ್ತಿಗೆಯನ್ನು ಪಡೆದರು. ಕಳೆ ಕೀಳುವುದು, ಚರಂಡಿ ಬಿಡಿಸುವುದು, ಮೋರಿ ತೆಗೆಯುವುದು, ಸಣ್ಣ ಗುಂಡಿ ಮುಚ್ಚುವುದು, ಕುಸಿದ ಮಣ್ಣು ಎತ್ತುವುದು ಅವರ ಕೆಲಸ. ರಸ್ತೆ ತೆರೆದಿದ್ದರೆ ಹಣ. ನನಗೆ ಇದರಲ್ಲಿ ಮುಖ್ಯವೆನಿಸುವುದು ಆ ಸಂಬಳ. ಶ್ರಮದಾನವನ್ನು ನಾನು ಮನಸಾರೆ ಗೌರವಿಸುತ್ತೇನೆ, ಆದರೆ ವರ್ಷಾನುಗಟ್ಟಲೆ ನಡೆಯಬೇಕಾದ ಕೆಲಸವನ್ನು ಶ್ರಮದಾನದ ಮೇಲೆ ನಿಲ್ಲಿಸಿದರೆ ಕೊನೆಗೆ ಗುದ್ದಲಿ ಹಿಡಿಯುವವರು ಊರಿನ ಅತಿ ಬಡವರೇ ಆಗಿರುತ್ತಾರೆ, ಲಾರಿ ಇರುವವರು ಫೋಟೊಗೆ ನಿಲ್ಲುತ್ತಾರೆ.

ಖರ್ಚನ್ನು ಹಂಚುವುದರಲ್ಲಿ ಫಿನ್ಲೆಂಡಿನ ರೀತಿ ನನಗೆ ಮಾದರಿಯಾಗಿ ಕಾಣುತ್ತದೆ. ಅಲ್ಲಿ ತೋಟ, ಕಾಡು, ಮನೆಗಳಿಗೆ ಹೋಗುವ ಎಷ್ಟೋ ರಸ್ತೆಗಳು ಸರ್ಕಾರದವಲ್ಲ. ಅವನ್ನು ಬಳಸುವ ಭೂಮಾಲೀಕರೇ ಸೇರಿದ ರಸ್ತೆ ಸಂಘಗಳು ಕಾನೂನಿನ ಪ್ರಕಾರ ನೋಡಿಕೊಳ್ಳುತ್ತವೆ. ಪ್ರತಿಯೊಬ್ಬರ ಪಾಲು ಸಮನಾಗಿರುವುದಿಲ್ಲ. ಯಾರು ಎಷ್ಟು ಟನ್ ಭಾರವನ್ನು ಎಷ್ಟು ದೂರ ಸಾಗಿಸುತ್ತಾರೆ ಎಂಬ ಲೆಕ್ಕದ ಮೇಲೆ ಪಾಲು ನಿಗದಿಯಾಗುತ್ತದೆ. ದಾರಿಯ ಕೊನೆಯಲ್ಲಿದ್ದು ದಿನವೂ ಲಾರಿ ತರಿಸುವವನು ಹೆಚ್ಚು ಕೊಡುತ್ತಾನೆ, ಬಾಯಿಯಲ್ಲೇ ಮನೆಯಿದ್ದು ಸೈಕಲ್ಲಿನಲ್ಲಿ ಓಡಾಡುವವನು ಕಡಿಮೆ ಕೊಡುತ್ತಾನೆ. ‘ಮನೆಗಿಷ್ಟು’ ಎಂದು ಎತ್ತುವ ವಂತಿಗೆಗಿಂತ ಇದು ಎಷ್ಟೋ ನ್ಯಾಯ. ಭಾರಕ್ಕೆ ತಕ್ಕ ಪಾಲು ಕೇಳುವುದಕ್ಕೆ ಗಟ್ಟಿ ಆಧಾರವೂ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ತಿಳಿದ ಪ್ರಕಾರ, ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. ಎರಡು ಲೋಡನ್ನು ಒಂದೇ ಲಾರಿಗೆ ಏರಿಸಿ ಉಳಿಸಿದ ಬಾಡಿಗೆಯನ್ನು ಊರು ಬೇರೆ ರೀತಿಯಲ್ಲಿ ತೆರುತ್ತದೆ. ಮಳೆ ಬಿದ್ದ ಮರುದಿನ ಭಾರದ ಗಾಡಿ ಬಿಡಬಾರದು ಎಂಬ ನಿಯಮವನ್ನು ಸಂಘವೇ ಮಾಡಿ ಸಂಘವೇ ಪಾಲಿಸಬೇಕಾದ ಕಾರಣವೂ ಇದೇ, ಹಾಗೂ ಆ ನಿಯಮ ಅಧ್ಯಕ್ಷರ ಲಾರಿಗೂ ಅನ್ವಯಿಸಬೇಕು.

ರಸ್ತೆ ಚೆನ್ನಾದ ಮೇಲೆ ದರ ತಾನಾಗಿಯೇ ಸಿಗುತ್ತದೆ ಎಂದೂ ತಿಳಿಯಬಾರದು. ಭಾರತದ ಇದೇ ಗ್ರಾಮ ಸಡಕ್ ರಸ್ತೆಗಳ ಬಗ್ಗೆ ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾದ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಸ್ತೆ ಬಂದ ಹಳ್ಳಿಗಳಿಂದ ಜನ ಬೇಸಾಯ ಬಿಟ್ಟು ಹೊರಗಿನ ಕೆಲಸಗಳಿಗೆ ಹೋದದ್ದು ಸ್ಪಷ್ಟವಾಗಿ ಕಂಡಿತೇ ಹೊರತು ಬೇಸಾಯದಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಆಫ್ರಿಕಾದ ಸಾಗಣೆ ಬಾಡಿಗೆಗಳ ಬಗ್ಗೆ ವಿಶ್ವಬ್ಯಾಂಕು 2009ರಲ್ಲಿ ಪ್ರಕಟಿಸಿದ ಅಧ್ಯಯನ, ಬಾಡಿಗೆ ದುಬಾರಿಯಾಗಲು ಅನೇಕ ಕಡೆ ಕಾರಣ ಕೆಟ್ಟ ರಸ್ತೆಯಲ್ಲ, ಲಾರಿಯವರ ಒಳಒಪ್ಪಂದ ಮತ್ತು ಸ್ಪರ್ಧೆಯ ಕೊರತೆ ಎಂದು ತೋರಿಸಿತು. ಇವನ್ನು ಓದಿ ರಸ್ತೆ ಬೇಡ ಎಂದು ನಾನು ಹೇಳುವುದಿಲ್ಲ. ರಸ್ತೆಗಾಗಿ ಸೇರಿದ ಅದೇ ಗುಂಪು ಮರುದಿನದಿಂದ ಬಾಡಿಗೆಯ ಚೌಕಾಸಿಗೂ ಕೂಡಬೇಕು ಎನ್ನುತ್ತೇನೆ. ಹತ್ತು ಮನೆಯವರು ತಲಾ ಐದು ಕ್ರೇಟು ಹಿಡಿದು ಬೇರೆ ಬೇರೆ ಗಾಡಿಗೆ ಕೈ ಅಡ್ಡ ಹಾಕುವ ಬದಲು ಹಿಂದಿನ ಸಂಜೆಯೇ ಲೆಕ್ಕ ಸೇರಿಸಿ ಒಂದು ಗಾಡಿ ತುಂಬಿಸಿದರೆ, ಹಿಂದಿರುಗುವಾಗ ಅದೇ ಗಾಡಿಯಲ್ಲಿ ಗೊಬ್ಬರವನ್ನೋ ಮೇವನ್ನೋ ತರಿಸಿದರೆ, ಚಾಲಕನಿಗೂ ಖಾಲಿ ಓಡಾಟ ತಪ್ಪುತ್ತದೆ. ಗಾಡಿಗೆ ಕಾಯಲು ರಸ್ತೆಯ ಪಕ್ಕದಲ್ಲೊಂದು ನೆರಳಿನ ಕಟ್ಟೆ ಇದ್ದರೆ ಮಾಲು ಬಿಸಿಲಿಗೆ ಬಾಡುವುದಿಲ್ಲ. ಇಷ್ಟು ಸಣ್ಣ ವಿಷಯ ಅಂದಾಜು ಪಟ್ಟಿಗಳಲ್ಲಿ ಎಂದೂ ಬರುವುದಿಲ್ಲ.

ಮೊದಲು ಹೇಳಿದ ಆ ಮೋರಿಯ ಕೊಳವೆಯನ್ನು ಈಗ ಒಂದು ಗೇಣು ಇಳಿಸಿದ್ದಾರೆ. ಅದಕ್ಕೆ ನೋಟ್ ಪುಸ್ತಕದ ಒಂದು ಮಳೆಗಾಲ, ಎರಡು ಬಾರಿ ಮುಂದೂಡಿದ ಸಭೆ ಮತ್ತು ಬದಿಯ ಹೊಲದವರೊಂದಿಗೆ ಒಂದು ದೀರ್ಘ ಸಂಜೆಯ ಮಾತು ಬೇಕಾಯಿತು. ಡಾಂಬರು ಇನ್ನೂ ಬಂದಿಲ್ಲ. ಅದರ ಮನವಿ ಇನ್ನೂ ನಡೆಯುತ್ತಿದೆ, ನಡೆಯಬೇಕು ಕೂಡ. ಕಳೆದ ಸಲ ಹೋದಾಗ ಪುಸ್ತಕವನ್ನು ತಿರುವಿ ನೋಡಿದೆ. ಬರೆಯುತ್ತಿರುವುದು ಈಗ ಶಾಲೆಗೆ ಹೋಗುವ ಹುಡುಗಿಯೊಬ್ಬಳು, ಅಕ್ಷರ ದುಂಡಗಿದೆ. ಕೊನೆಯ ನಮೂದು ಹೀಗಿತ್ತು: ‘ರಾತ್ರಿ ಜೋರು ಮಳೆ. ಕಂಬದಲ್ಲಿ ಮೂರನೇ ಗೆರೆ. ಮೋರಿಯಲ್ಲಿ ಎಲೆ ಸಿಕ್ಕಿತ್ತು, ತೆಗೆದೆವು. ಹಾಲಿನ ಗಾಡಿ 6 ಗಂಟೆಗೆ ಬಂತು.’